ಏಳನೆಯ ವಸ್ತ್ರ



ನಮ್ಮ ಮಠದ ಪ್ರಸಾದ ನಿಲಯದಲ್ಲಿ ಐದು ವರ್ಷ ಉಂಡು, ಓದಿ, ಬೆಳೆದವನು ನಾನು. ಹಳೆಯ ವಿದ್ಯಾರ್ಥಿಗಳಲ್ಲಿ ಪರದೇಶ ಕಂಡವರು ತಮ್ಮ ಅನುಭವವನ್ನು ಈ ಪತ್ರಿಕೆಗೆ ಬರೆದು ಕಳಿಸಬೇಕೆಂದು ಸಂಪಾದಕರು ಎರಡು ಸಲ ಕೇಳಿದರು. ಪರದೇಶವೆಂದೊಡನೆ ನೀವು ಮುಗಿಲು ಮುಟ್ಟುವ ಕಟ್ಟಡಗಳನ್ನೋ ಹಿಮಪರ್ವತಗಳನ್ನೋ ನಿರೀಕ್ಷಿಸಿದರೆ ನಿರಾಶರಾಗುವಿರಿ. ನಾನು ಹದಿನೈದು ವರ್ಷ ಇದ್ದದ್ದು ಇಂಡೊನೇಷ್ಯಾ ದೇಶದ ಜಾವಾ ದ್ವೀಪದಲ್ಲಿ, ಸುರಾಕಾರ್ತಾ ಪಟ್ಟಣದ ಹೊರವಲಯದ ಒಂದು ನೂಲಿನ ಗಿರಣಿಯಲ್ಲಿ. ಆ ಊರನ್ನು ಅಲ್ಲಿಯವರು ಸೋಲೋ ಎಂದು ಕರೆಯುತ್ತಾರೆ. ಅಲ್ಲಿ ಕಂಡದ್ದರಲ್ಲಿ ನಿಮಗೆ ಹೇಳಬೇಕೆನಿಸುವುದು ಬಟ್ಟೆಯ ಸಂಗತಿಯೊಂದೇ. ನೇಕಾರನ ಮಗನಿಗೆ ಮತ್ತೇನು ಕಂಡೀತು ಎಂದು ನೀವು ನಕ್ಕರೂ ಸರಿಯೇ.

ಸೋಲೋದ ಮಾತಿಗೆ ಮುನ್ನ ನಮ್ಮ ಮನೆಯ ಮಾತು ಸ್ವಲ್ಪ ಬೇಕು. ನಮ್ಮದು ಇಳಕಲ್ಲು. ತಂದೆಯವರು ಕುಣಿಮಗ್ಗದ ನೇಕಾರರು. ಬೆಳಗಿನಲ್ಲಿ ಲಿಂಗಪೂಜೆ ಮುಗಿಸಿ, ಜೇಡರ ದಾಸಿಮಯ್ಯನನ್ನು ನೆನೆದು ಕುಣಿಯೊಳಗೆ ಕಾಲು ಇಳಿಬಿಟ್ಟರೆಂದರೆ ಲಾಳಿಯ ಸದ್ದು ಹೊತ್ತು ಮುಳುಗುವವರೆಗೆ ನಿಲ್ಲುತ್ತಿರಲಿಲ್ಲ. ಇಳಕಲ್ಲ ಸೀರೆಯ ಗುಟ್ಟು ನಿಮ್ಮಲ್ಲಿ ಹಲವರಿಗೆ ತಿಳಿದದ್ದೇ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಹಿಡಿದು, ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಅವ್ವನದು. ದೀಪದ ಬೆಳಕಿನಲ್ಲಿ ಕುಳಿತು ಅವಳು ಕೊಂಡಿ ಹಾಕುತ್ತಿದ್ದಾಗ ಮಗ್ಗುಲಲ್ಲಿ ಮಲಗಿ ನಿದ್ದೆ ಹೋದ ರಾತ್ರಿಗಳೆಷ್ಟೋ.

ನಾನು ಜವಳಿ ವಿಷಯದಲ್ಲಿ ಡಿಪ್ಲೊಮಾ ಮಾಡಿ ಗಿರಣಿ ಸೇರಿದೆ. ೧೯೮೪ರಲ್ಲಿ ರಜೆಯ ಮೇಲೆ ಊರಿಗೆ ಬಂದಾಗ ಒಂದು ಸಂಜೆ ಕಾಗದ ಪೆನ್ಸಿಲು ಹಿಡಿದು ತಂದೆಯವರ ಎದುರಿಗೆ ಕುಳಿತು ಲೆಕ್ಕ ಹಾಕಿದೆ. ಒಂದು ಸೀರೆಗೆ ಎಷ್ಟು ದಿನ, ಅವ್ವನ ಕೂಲಿ ಹಿಡಿದರೆ ಎಷ್ಟು, ಹಿಡಿಯದಿದ್ದರೆ ಎಷ್ಟು, ವಿದ್ಯುತ್ ಮಗ್ಗದ ಸೀರೆ ಪೇಟೆಯಲ್ಲಿ ಎಷ್ಟಕ್ಕೆ ಸಿಕ್ಕುತ್ತದೆ. ಕಡೆಗೆ, "ಮಗ್ಗ ಮಾರಿಬಿಡಪ್ಪಾ, ಕುಣಿ ಮುಚ್ಚಿಸಿದರೆ ಒಂದು ಕೋಣೆಯಾದರೂ ಆದೀತು" ಎಂದೆ. ನನ್ನ ಲೆಕ್ಕ ತಪ್ಪಾಗಿರಲಿಲ್ಲ. ಈಗ ಹಾಕಿದರೂ ಅಷ್ಟೇ ಬರುತ್ತದೆ. ತಂದೆಯವರು ಸಿಟ್ಟಾಗಲಿಲ್ಲ, ಮರುಮಾತಾಡಲಿಲ್ಲ, ಲಾಳಿ ಎಸೆಯುತ್ತಲೇ ಇದ್ದರು. ಆದರೆ ಅಂದಿನಿಂದ ನನ್ನೊಡನೆ ಮಳೆ ಬೆಳೆ, ಮದುವೆ ಮುಂಜಿ, ಊರ ಜಾತ್ರೆ ಎಲ್ಲವನ್ನೂ ಮಾತಾಡುತ್ತಿದ್ದರೇ ಹೊರತು ನೇಯ್ಗೆಯ ಒಂದು ಮಾತನ್ನೂ ಎತ್ತಲಿಲ್ಲ.

೧೯೯೧ರಲ್ಲಿ ನಾನು ಜಾವಾಕ್ಕೆ ಹೋದೆ. ಮರುವರ್ಷ ನನ್ನ ಹೆಂಡತಿಯೂ ಬಂದಳು. ನಾವು ಬಾಡಿಗೆಗಿದ್ದ ಮನೆಯೊಡತಿ ವಿಧವೆ, ಅರುವತ್ತರ ಮೇಲಿನ ವಯಸ್ಸು. ಆ ನಾಡಿನ ರೂಢಿಯಂತೆ ನಾವು ಆಕೆಯನ್ನು 'ಇಬು', ಎಂದರೆ ತಾಯಿ, ಎಂದು ಕರೆಯುತ್ತಿದ್ದೆವು. ಮನೆಯ ಹಿಂದಿನ ಜಗಲಿಯಲ್ಲಿ ಬಿದಿರಿನ ಅಡ್ಡಗಳದ ಮೇಲೆ ಬಿಳಿಯ ಬಟ್ಟೆ ಇಳಿಬಿಟ್ಟುಕೊಂಡು, ಚಿಕ್ಕ ಒಲೆಯ ಮೇಲೆ ಮೇಣ ಕರಗಿಸಿಕೊಂಡು ಆಕೆ ಬಾತಿಕ್ ಬರೆಯುತ್ತಿದ್ದರು.

ಬಾತಿಕ್ ಎಂಬುದು ನೇಯ್ಗೆಯಲ್ಲ, ಬಣ್ಣದ ಕೆಲಸ. ಚಾಂತಿಂಗ್ ಎಂಬುದೊಂದು ಉಪಕರಣವಿದೆ. ತಾಮ್ರದ ಪುಟ್ಟ ಬಟ್ಟಲು, ಅದಕ್ಕೆ ಹಕ್ಕಿಯ ಕೊಕ್ಕಿನಂತಹ ನಳಿಗೆ, ಹಿಂದೆ ಹಿಡಿಕೆ. ಕರಗಿದ ಮೇಣವನ್ನು ಅದರಲ್ಲಿ ತುಂಬಿ, ಆಗಾಗ ಬಾಯಿಯಿಂದ ನಳಿಗೆಯನ್ನು ಊದಿ, ಬಟ್ಟೆಯ ಮೇಲೆ ಗೆರೆ ಎಳೆಯುತ್ತಾರೆ. ಮೇಣ ಹತ್ತಿದಲ್ಲಿ ಬಣ್ಣ ಹತ್ತದು. ಒಂದು ಮಗ್ಗುಲು ಮುಗಿದ ಮೇಲೆ ಬಟ್ಟೆಯನ್ನು ಹೊರಳಿಸಿ ಇನ್ನೊಂದು ಮಗ್ಗುಲಿಗೂ ಅದೇ ಗೆರೆ. ನೀಲಿಯಲ್ಲಿ ಅದ್ದಿದ ಮೇಲೆ, ಕಂದು ಬರಬೇಕಾದ ಕಡೆ ಮೇಣವನ್ನು ಕೆರೆದು, ನೀಲಿಯಾಗಿಯೇ ಉಳಿಯಬೇಕಾದ ಕಡೆ ಹೊಸದಾಗಿ ಮೇಣ ಹೊದಿಸಿ, ಸೋಗಾ ಎಂಬ ಮರದ ತೊಗಟೆಯ ಕಂದು ಬಣ್ಣದಲ್ಲಿ ಅದ್ದುತ್ತಾರೆ. ಕಡೆಗೆ ಕುದಿಯುವ ನೀರಿನಲ್ಲಿ ಮೇಣವೆಲ್ಲ ಬಿಟ್ಟುಹೋಗುತ್ತದೆ. ಒಳ್ಳೆಯ ಕೈಬರಹದ ಬಟ್ಟೆಯೊಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತಾಮ್ರದ ಅಚ್ಚುಗಳು ಬಂದವು. ಅಚ್ಚನ್ನು ಮೇಣದಲ್ಲಿ ಅದ್ದಿ ಒತ್ತುವ ಕೆಲಸ ಗಂಡಸರ ಪಾಲಾಯಿತು, ಚಾಂತಿಂಗ್ ಹೆಂಗಸರ ಕೈಯಲ್ಲಿ ಉಳಿಯಿತು.

ಇಲ್ಲೊಂದು ವಿಚಿತ್ರವನ್ನು ಗಮನಿಸಿರಿ. ಅಷ್ಟು ಸೂಕ್ಷ್ಮವಾದ ಗೆರೆಗೆ ಅಷ್ಟೇ ನುಣುಪಾದ ಬಟ್ಟೆ ಬೇಕು. ಅಂತಹ ಬಟ್ಟೆ ಹಿಂದೆ ಜಾವಾಕ್ಕೆ ಹೋಗುತ್ತಿದ್ದದ್ದು ನಮ್ಮ ಭಾರತದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಗಿರಣಿಯ ಬಟ್ಟೆ ಅದರ ಜಾಗಕ್ಕೆ ಬಂತು. ಎಂದರೆ ಬಾತಿಕ್ಕಿನ ಅತಿ ನಯವಾದ ಕೆಲಸ ನಡೆದದ್ದು ಗಿರಣಿಯ ಬಟ್ಟೆಯ ಮೇಲೆಯೇ. ಈ ಮಾತು ಕಿವಿಗೆ ಬಿದ್ದಾಗ ನನಗೆ ಒಳಗೊಳಗೇ ಸಮಾಧಾನವಾಯಿತೆಂದು ಒಪ್ಪಿಕೊಳ್ಳಬೇಕು. ೧೯೮೪ರ ಲೆಕ್ಕಕ್ಕೆ ಒಂದು ಸಾಕ್ಷಿ ಸಿಕ್ಕಿತಲ್ಲ ಎಂದುಕೊಂಡೆ.

ಆ ಊರಿನಲ್ಲಿ ಬಟ್ಟೆಗೆ ಮಾತು ಬರುತ್ತದೆ ಎಂಬುದು ನನಗೆ ತಿಳಿದದ್ದು ಅವಮಾನಪಟ್ಟು. ಸೋಲೋದ ಕ್ಲೇವೆರ್ ಪೇಟೆಯಲ್ಲಿ ಅಗ್ಗದ ಬೆಲೆಗೆ ಒಂದು ಅಂಗಿ ಕೊಂಡೆ. ಓರೆಯಾಗಿ ಅಲೆ ಅಲೆಯಾಗಿ ಇಳಿಯುವ ಚಿತ್ತಾರ, ನೋಡಲು ಗಂಭೀರವಾಗಿತ್ತು. ಸಹೋದ್ಯೋಗಿಯೊಬ್ಬರ ತಂಗಿಯ ಮದುವೆಗೆ ಅದನ್ನೇ ತೊಟ್ಟುಹೋದೆ. ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು, ಅತಿ ವಿನಯದಿಂದ, ಭುಜದ ಮೇಲೆ ತಮ್ಮ ಶಾಲು ಹೊದಿಸಿದರು. ಚಳಿಯ ಊರಲ್ಲವಲ್ಲ, ನನಗೆ ಅರ್ಥವಾಗಲಿಲ್ಲ. ಮನೆಗೆ ಬಂದ ಮೇಲೆ ಇಬು ಅವರು ಬಿಡಿಸಿ ಹೇಳಿದರು. ಆ ಚಿತ್ತಾರದ ಹೆಸರು ಪರಂಗ್. ಜೋಗ್ಜಕಾರ್ತಾದ ಮೊದಲನೆಯ ಸುಲ್ತಾನ ಹಮೆಂಗ್ಕುಬುವೊನೊ ೧೭೮೫ರಲ್ಲಿ ಅದನ್ನು ಅರಮನೆಯವರಲ್ಲದೆ ಬೇರಾರೂ ಉಡಬಾರದೆಂದು ಕಟ್ಟುಮಾಡಿದ್ದ. ಆ ನಿಷೇಧ ಈಗ ಊರಿನಲ್ಲಿಲ್ಲ; ಆದರೂ ಮದುವೆಯ ಮನೆಯಲ್ಲಿ ಪರಂಗ್ ಉಟ್ಟರೆ ದಂಪತಿಗಳಲ್ಲಿ ಕಲಹವೆಂಬ ನಂಬಿಕೆ ಉಳಿದಿದೆ. ನಾನು ಊರಿಗೆ ಮರಳಿ ಎಷ್ಟೋ ವರ್ಷಗಳಾದ ಮೇಲೆ, ೨೦೨೨ರ ಡಿಸೆಂಬರಿನಲ್ಲಿ, ಆಗಿನ ಅಧ್ಯಕ್ಷ ಜೋಕೋ ವಿಡೋಡೊ ಅವರ ಕಿರಿಯ ಮಗನ ಮದುವೆಯ ಔತಣ ಸೋಲೋದ ಮಂಗ್ಕುನೆಗರನ್ ಅರಮನೆಯಲ್ಲಿ ನಡೆದಾಗ, ಅತಿಥಿಗಳು ಪರಂಗ್ ಉಟ್ಟು ಬರಬಾರದೆಂದು ಮೊದಲೇ ತಿಳಿಸಿದ್ದರೆಂದು ಓದಿ ಆ ಶಾಲು ನೆನಪಾಯಿತು.

ಹೀಗೆ ಒಂದೊಂದು ಚಿತ್ತಾರಕ್ಕೆ ಒಂದೊಂದು ಸಂದರ್ಭ. ಮದುಮಕ್ಕಳಿಗೆ ಸಿದೊಮುಕ್ತಿ, ಸಿದೊಲುಹುರ್. ಹೆಣದ ಮೇಲೆ ಹೊದಿಸಲು ಸ್ಲೊಬೊಗ್. ಮದುವೆಯಲ್ಲಿ ತಂದೆತಾಯಿಗಳು ಉಡುವುದು ತ್ರುಂತುಮ್. ಕತ್ತಲೆಯ ನೆಲದ ಮೇಲೆ ಚೆಲ್ಲಿದ ನಕ್ಷತ್ರಗಳಂತೆ ಪುಟ್ಟ ಪುಟ್ಟ ಹೂಗಳು. ಹದಿನೆಂಟನೆಯ ಶತಮಾನದಲ್ಲಿ ಮೂರನೆಯ ಪಾಕುಬುವೊನೊ ದೊರೆಯ ರಾಣಿ, ಗಂಡನ ಒಲವು ಬೇರೆ ಕಡೆಗೆ ಹರಿದಾಗ, ಒಬ್ಬಂಟಿಯಾಗಿ ಇರುಳ ಚುಕ್ಕಿಗಳನ್ನು ನೋಡುತ್ತ ಅದನ್ನು ಬರೆದಳೆಂದೂ, ದಿನದಿನವೂ ಆ ಬಟ್ಟೆ ಮುಗಿಯುತ್ತ ಬಂದುದನ್ನು ಕಂಡು ದೊರೆಯ ಮನಸ್ಸು ಮರಳಿತೆಂದೂ ಕಥೆ. ಸಿದೊ ಎಂದರೆ 'ಆಗಲಿ', 'ಕೈಗೂಡಲಿ' ಎಂಬ ಭಾವ. ಮುಕ್ತಿ ಎಂಬ ಶಬ್ದ ಕೇಳಿ ನಾನು ಮೊದಲು ಬೆರಗಾದೆ, ಮದುವೆಯ ದಿನವೇ ಮೋಕ್ಷವೇ ಎಂದು! ಜಾವಾದವರ ಬಾಯಲ್ಲಿ ಮುಕ್ತಿಯೆಂದರೆ ಸುಖಸಂಪತ್ತು. ನಮ್ಮ ಭುಕ್ತಿಗೆ ಹತ್ತಿರದ ಅರ್ಥ. ಸಂಸ್ಕೃತದ ಶಬ್ದಗಳು ಅಲ್ಲಿಗೆ ಹೋಗಿ ಹೀಗೆ ಬೇರೆ ಸಂಸಾರ ಹೂಡಿವೆ. ಹತ್ತಿ ಕಾಪಾಸ್, ರೇಷ್ಮೆ ಸೂತ್ರಾ, ನೀಲಿ ನೀಲಾ, ಬಣ್ಣ ವರ್ನಾ, ಉಡುಪು ಬುಸಾನಾ. ಕಸುಂಬಾ ಎಂದರೆ ಕೆಂಪು ಬಣ್ಣ ಕೊಡುವ ನಮ್ಮ ಕುಸುಬೆ. ನಮ್ಮ ಸೀಮೆಯಲ್ಲಿ ಎಣ್ಣೆಗಾಗಿ ಬೆಳೆಯುವ ಕುಸುಬೆಯನ್ನು ಅಲ್ಲಿ ಹೂವಿನ ಬಣ್ಣಕ್ಕಾಗಿ ನೆನೆಯುತ್ತಾರೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

೧೯೯೩ರಲ್ಲಿ ನನ್ನ ಹೆಂಡತಿಗೆ ಏಳು ತಿಂಗಳಾಯಿತು. ನಮ್ಮ ಕಡೆ ಕುಬುಸ ಮಾಡುವ ಹೊತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ, ಖಣದ ಕುಪ್ಪಸ, ಬಳೆ, ಉಡಿ ತುಂಬುವುದು, ಹಾಡು, ಇವೆಲ್ಲ ಇಲ್ಲದೆ ಅವಳು ಪರದೇಶದ ಕೋಣೆಯಲ್ಲಿ ಮಂಕಾಗಿ ಕುಳಿತಿದ್ದಳು. ಆ ವೇಳೆಗೆ ರಜೆ ಮುಗಿಸಿ ಬಂದ ನಮ್ಮ ಸೀಮೆಯ ಗೆಳೆಯರೊಬ್ಬರು ಒಂದು ಗಂಟು ತಂದುಕೊಟ್ಟರು. ಒಳಗೆ ಗುಳೇದಗುಡ್ಡದ ಖಣ, ಒಂದು ಹಿಡಿ ಕೊಬ್ಬರಿ ಬಟ್ಟಲು, ಹಸಿರು ಒಡಲಿನ ಕೆಂಪು ಸೆರಗಿನ ಸೀರೆ. ಚೀಟಿಯಿರಲಿಲ್ಲ. ದಡಿಯನ್ನು ನೋಡಿದ ಕೂಡಲೇ ಅದು ಯಾರ ಮಗ್ಗದ್ದೆಂದು ತಿಳಿಯಿತು.

ಇಬು ಅವರಿಗೆ ಏಳು ತಿಂಗಳೆಂದು ತಿಳಿದದ್ದೇ ತಡ, "ಇವಳ ತಾಯಿ ಇಲ್ಲಿಲ್ಲ, ನಾನಿದ್ದೇನೆ" ಎಂದು ಹೊರಟೇಬಿಟ್ಟರು. ಅವರಲ್ಲಿಯೂ ಏಳನೆಯ ತಿಂಗಳಿಗೊಂದು ವಿಧಿಯಿದೆ, ಹೆಸರು ಮಿತೊನಿ. ಜಾವಾ ಭಾಷೆಯಲ್ಲಿ ಪಿತು ಎಂದರೆ ಏಳು. ಇಬು ಐದು ಹೊತ್ತು ನಮಾಜು ತಪ್ಪಿಸದ ಮುಸಲ್ಮಾನ ಹೆಂಗಸು. ಆದರೂ ಎಳನೀರಿನ ಕಾಯಿಗಳ ಮೇಲೆ ಕಾಮಜಯ ಮತ್ತು ರತಿಯರ ಚಿತ್ರ ಕೊರೆಸಿದರು. ಐದು ದಿನಕ್ಕೊಂದು ಸಂತೆಯ ಅವರ ಹಳೆಯ ಪಂಚಾಂಗವನ್ನು ನೋಡಿ ದಿನ ಗೊತ್ತುಮಾಡಿದರು. ತಿಥಿ ವಾರಗಳ ಗೊಡವೆ ನಮಗಿಲ್ಲವೆಂದು ನಾನು ಹೇಳಹೊರಟೆ. ನನ್ನ ಹೆಂಡತಿ ಕಣ್ಣಿನಿಂದಲೇ ತಡೆದಳು. ತಡೆದದ್ದು ಒಳ್ಳೆಯದಾಯಿತು.

ಆ ದಿನ ಗಂಡಸರು ಹೊರಗೆ ಚಾಪೆಯ ಮೇಲೆ ಕುಳಿತು ಪ್ರಾರ್ಥನೆ ಮಾಡಿದರು. ಒಳಗೆ ಏಳು ಜನ ಹಿರಿಯ ಮುತ್ತೈದೆಯರು ಹೂವಿನ ನೀರಿನಿಂದ ಬಸುರಿಗೆ ಮೀಯಿಸಿದರು. ಆಮೇಲೆ ವಸ್ತ್ರ ಬದಲಿಸುವ ವಿಧಿ. ಬಾಗಿಲ ಬಳಿ ನಿಂತು ನಾನು ಕಂಡಷ್ಟನ್ನು ಹೇಳುತ್ತೇನೆ. ಒಂದಾದ ಮೇಲೊಂದರಂತೆ ಏಳು ವಸ್ತ್ರಗಳನ್ನು ಉಡಿಸುತ್ತಾರೆ. ಮೊದಲು ಸಿದೊಮುಕ್ತಿ. ಉಡಿಸಿದವರು ಕೂಡಿದ ಹೆಂಗಸರನ್ನು ಕೇಳುತ್ತಾರೆ, ಒಪ್ಪುವುದೇ ಎಂದು. ಎಲ್ಲರೂ ಒಕ್ಕೊರಲಿನಿಂದ "ದುರುಂಗ್" ಎನ್ನುತ್ತಾರೆ. ಇನ್ನೂ ಇಲ್ಲ ಎಂದರ್ಥ. ಅದನ್ನು ಬಿಡಿಸಿ ಸಿದೊಲುಹುರ್. ದುರುಂಗ್. ತ್ರುಂತುಮ್. ದುರುಂಗ್. ಹೀಗೆ ಆರು ಬಟ್ಟೆ, ಇಬು ಅವರ ಪೆಟ್ಟಿಗೆಯಲ್ಲಿ ಮಲ್ಲಿಗೆಯ ನಡುವೆ ಮಡಿಸಿಟ್ಟಿದ್ದ ಆರು ಶ್ರೇಷ್ಠವಾದ ಬಟ್ಟೆ, ಒಂದೂ ಒಪ್ಪಲಿಲ್ಲ. ಬಿಡಿಸಿದ ವಸ್ತ್ರಗಳು ಅವಳ ಪಾದದ ಸುತ್ತ ಕಮಲದ ಎಸಳಿನಂತೆ ರಾಶಿ ಬಿದ್ದವು.

ಏಳನೆಯದು ಲೂರಿಕ್. ಲೂರಿಕ್ ಎಂದರೆ ಒರಟು ಹತ್ತಿಯ ಪಟ್ಟೆ ಬಟ್ಟೆ. ಕೈಮಗ್ಗದ್ದು, ಸೋಲೋ ಮತ್ತು ಜೋಗ್ಜಾ ಊರುಗಳ ನಡುವಿನ ಕ್ಲಾತೆನ್ ಸೀಮೆಯ ಹಳ್ಳಿಗಳಲ್ಲಿ ನೇಯುತ್ತಾರೆ. ಹೊಲಗೆಲಸದವರೂ, ಪೇಟೆಯಲ್ಲಿ ಬೆನ್ನಮೇಲೆ ಹೊರೆ ಹೊರುವ ಹೆಂಗಸರೂ ಬಳಸುತ್ತಿದ್ದ ಬಟ್ಟೆ. ಅದನ್ನು ಉಡಿಸಿ ಕೇಳಿದಾಗ ಎಲ್ಲರೂ ಕೂಗಿದರು, "ಪಂತೆಸ್! ಪಂತೆಸ್!" ಒಪ್ಪಿತು ಒಪ್ಪಿತು ಎಂದು. ಕೂಸು ಸರಳವಾಗಿ, ಗಟ್ಟಿಯಾಗಿ ಬಾಳಲಿ ಎಂಬುದು ಅದರ ಆಶಯವೆಂದು ಮಗ್ಗುಲಲ್ಲಿದ್ದವರು ತಿಳಿಸಿದರು.

ಆಗ ನನ್ನ ಹೆಂಡತಿ, ತನಗೆ ಬರುತ್ತಿದ್ದ ನಾಲ್ಕು ಮಾತಿನಲ್ಲಿ, ನಮ್ಮ ಮನೆಯಿಂದಲೂ ಈ ದಿನಕ್ಕಾಗಿ ಒಂದು ವಸ್ತ್ರ ಬಂದಿದೆ ಎಂದಳು. ತರಿಸಿದರು. ಲೂರಿಕ್ಕನ್ನು ಬಿಡಿಸದೆ ಅದರ ಮೇಲೆಯೇ ಸೀರೆ ಉಡಿಸಿ, ಇಬು ಅವರು ನಗುತ್ತ ಮತ್ತೊಮ್ಮೆ ಕೇಳಿದರು. ಹೆಂಗಸರೆಲ್ಲ ಮತ್ತೊಮ್ಮೆ "ಪಂತೆಸ್!" ಎಂದರು. ಅಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಇಬು ಅವರ ಕೈ ಸುಮ್ಮನಿರುವ ಕೈಯಲ್ಲ. ಸೆರಗನ್ನು ಹೊರಳಿಸಿ, ಒಡಲು ಮುಗಿದು ಸೆರಗು ಮೊದಲಾಗುವ ಜಾಗದಲ್ಲಿ ಬೆರಳಾಡಿಸಿ ನಿಂತುಬಿಟ್ಟರು. ಹೊಲಿಗೆಯಲ್ಲ, ಗಂಟೂ ಅಲ್ಲ, ಇದೇನು? ನನ್ನನ್ನು ಒಳಗೆ ಕರೆದರು. ಕೊಂಡಿಯ ಕ್ರಮವನ್ನು ನಾನು ಕೈಸನ್ನೆಯಿಂದ ವಿವರಿಸಿದೆ. ಆಕೆ ಕೇಳಿದರು: "ಇದನ್ನು ಹಾಕಿದವರು ಯಾರು?" ನನ್ನ ತಾಯಿ ಎಂದೆ. "ಒಟ್ಟು ಎಷ್ಟು ಕೊಂಡಿ?"

ಓದುಗರೇ, ನನಗೆ ಗೊತ್ತಿರಲಿಲ್ಲ. ನಮ್ಮ ಗಿರಣಿಯಲ್ಲಿ ಎಷ್ಟು ಕದಿರು, ನಿಮಿಷಕ್ಕೆ ಎಷ್ಟು ಸುತ್ತು, ಯಾವ ನಂಬರಿನ ನೂಲಿಗೆ ಎಷ್ಟು ಹುರಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಹುಟ್ಟಿದಂದಿನಿಂದ ಕಣ್ಣೆದುರಿಗೆ ನಡೆದ ಕೆಲಸ ಇದು. ಅದರ ಲೆಕ್ಕವನ್ನು ಒಂದು ದಿನವೂ ಕೇಳಿರಲಿಲ್ಲ. ೧೯೮೪ರ ನನ್ನ ಕಾಗದದಲ್ಲಿ ಅದು 'ಅವ್ವನ ಕೂಲಿ' ಎಂಬ ಒಂದು ಸಾಲು ಮಾತ್ರ. ಎಲ್ಲರೂ ಕಾಯುತ್ತಿದ್ದರು. ನಾನು ತಿಳಿಯದೆಂದೆ. ಇಬು ಅವರು ಬೇಸರಪಡಲಿಲ್ಲ. ನನ್ನನ್ನು ಒಮ್ಮೆ ನೋಡಿ ಸೆರಗನ್ನು ಮೆಲ್ಲನೆ ಸರಿಪಡಿಸಿದರು.

ಆ ರಾತ್ರಿ ತಂದೆಯವರಿಗೆ ಕಾಗದ ಬರೆದೆ. ನಡೆದದ್ದನ್ನೆಲ್ಲ ಬರೆದು, ಕೊಂಡಿ ಎಷ್ಟು ಎಂದು ಕೇಳಿದೆ. ಹೆಚ್ಚಿನದೇನನ್ನೂ ಬರೆಯಲು ಧೈರ್ಯವಾಗಲಿಲ್ಲ. ಒಂದೂವರೆ ತಿಂಗಳಿಗೆ ಉತ್ತರ ಬಂತು, ಒಂಬತ್ತು ವರ್ಷಗಳಲ್ಲಿ ನೇಯ್ಗೆಯ ಕುರಿತು ಅವರಿಂದ ನನಗೆ ಬಂದ ಮೊದಲ ಮಾತು. "ಸೀರಿ ಒಪ್ಪಿತಂದ್ರಿ, ಛಲೋ ಆತು. ಆ ಊರಾಗ ಹಸಿ ಗಾಳಿ ಭಾಳ ಅಂತೀ, ಸೆರಗಿನ ರೇಶಿಮಿ ಬಣ್ಣ ಬಿಡತೈತೇನು ನೋಡಿ ತಿಳಸು. ಬಿಸಿನೀರಾಗ ಹಾಕಬ್ಯಾಡ್ರಿ. ಕೊಂಡಿ ನಿಮ್ಮವ್ವ ಎಣಿಸಿಲ್ಲಂತ. ನೀ ಬಂದಾಗ ಕುಂತು ಎಣಿಸು ಅಂದಾಳ."

ಮಗಳು ಹುಟ್ಟಿದಳು. ಬಾಣಂತನ, ಕೆಲಸ, ಹಣ, ರಜೆ, ಒಂದಲ್ಲ ಒಂದು ನೆಪದಿಂದ ಊರಿಗೆ ಹೋಗುವುದು ಮುಂದಕ್ಕೆ ಬಿತ್ತು. ೧೯೯೫ರಲ್ಲಿ ತಂದೆಯವರು ಲಿಂಗೈಕ್ಯರಾದರು. ನಾನು ತಲುಪುವಷ್ಟರಲ್ಲಿ ಸಮಾಧಿಯ ಮೇಲಿನ ಮಣ್ಣು ಆರಿತ್ತು. ಮಗ್ಗದ ಮೇಲೆ ಒಂದು ಸೀರೆ ಸೆರಗಿನ ಹತ್ತಿರಕ್ಕೆ ಬಂದು ನಿಂತಿತ್ತು, ಕೊಂಡಿ ಹಾಕಿ ಆಗಿತ್ತು. ಕುಣಿಯಲ್ಲಿ ಇಳಿದು ಕುಳಿತು ಬೆರಳಿನಿಂದ ಎಣಿಸತೊಡಗಿದೆ. ನಾಲ್ಕುನೂರು ದಾಟಿದ್ದೆ, ಯಾರೋ ಮಾತಾಡಿಸಲು ಬಂದರು, ಲೆಕ್ಕ ತಪ್ಪಿತು. ಮತ್ತೆ ಮೊದಲುಮಾಡಿದೆ, ಮತ್ತೆ ಯಾರೋ ಬಂದರು. ಅವ್ವ ಮಗ್ಗವನ್ನು ಮಾರಲಿಲ್ಲ. ಓಣಿಯ ಹುಡುಗನೊಬ್ಬನಿಗೆ ಸುಮ್ಮನೆ ಕೊಟ್ಟಳು. ಆ ಸೀರೆಯನ್ನು ಅವನೇ ಮುಗಿಸಿದ.

ಆಮೇಲೆ ನಾನು ಆ ನಾಡಿನ ಬಟ್ಟೆಗಳನ್ನು ನೋಡಿದ್ದು ಬೇರೆ ಕಣ್ಣಿನಿಂದ. ಗಿರಣಿಯಲ್ಲಿ ಸುಮಾತ್ರಾದ ಬತಕ್ ಜನಾಂಗದ ಗುಮಾಸ್ತರೊಬ್ಬರಿದ್ದರು. ಅವರಲ್ಲಿ ಉಲೊಸ್ ಎಂಬ ನೆಯ್ದ ಶಾಲು. ಸೂರ್ಯ, ಬೆಂಕಿ, ಉಲೊಸ್, ಈ ಮೂರೇ ಮನುಷ್ಯನಿಗೆ ಬಿಸುಪು ಕೊಡುವಂಥವು ಎಂಬುದು ಅವರ ಹಿರಿಯರ ಮಾತು. ಅದನ್ನು ಹೆಗಲಿಗೆ ಹೊದಿಸುವುದರಲ್ಲಿ ಒಂದು ದಿಕ್ಕಿದೆ. ಹೆಣ್ಣು ಕೊಟ್ಟ ಮನೆಯವರು ಹೆಣ್ಣು ತಂದುಕೊಂಡ ಮನೆಯವರಿಗೆ ಹೊದಿಸಬೇಕು, ಹಿಂದುಮುಂದಾಗಿ ಎಂದಿಗೂ ಇಲ್ಲ. ಚೊಚ್ಚಲ ಬಸುರಿಯಾದ ಮಗಳಿಗೆ ತವರಿನವರು ಹೊದಿಸುವುದು ರಗಿದುಪ್ ಎಂಬ ಶ್ರೇಷ್ಠವಾದ ಉಲೊಸ್. 'ಜೀವದ ಚಿತ್ತಾರ' ಎಂದು ಅದರ ಅರ್ಥ. ನಮ್ಮ ಕುಬುಸದ ಸಂಗತಿ ಹೇಳಿದಾಗ ಅವರು ಆಶ್ಚರ್ಯಪಡಲೇ ಇಲ್ಲ, "ಮತ್ತೇನು, ತವರಿನವರು ಬಿಟ್ಟಾರೆಯೇ?" ಎಂದರು.

ಬೋರ್ನಿಯೋದ ಇಬಾನ್ ಹೆಂಗಸರ ಪುವಾ ಕುಂಬು ಎಂಬ ಹೊದಿಕೆಯ ಮಾತು ಬೇರೆಯೇ. ಅದರ ಚಿತ್ತಾರಗಳು ಕನಸಿನಲ್ಲಿ ಬರುತ್ತವೆಂದು ನಂಬುಗೆ. ನೂಲಿಗೆ ಬಣ್ಣ ಕಚ್ಚುವಂತೆ ಹದಮಾಡುವ ಕೆಲಸಕ್ಕೆ 'ಹೆಂಗಸರ ಯುದ್ಧ' ಎಂದು ಹೆಸರು.

೧೯೯೬ರಲ್ಲಿ ಮಗುವನ್ನು ಕರೆದುಕೊಂಡು ಬಾಲಿ ದ್ವೀಪಕ್ಕೆ ಹೋದಾಗ ತೆಂಗನನ್ ಎಂಬ ಹಳ್ಳಿಯನ್ನು ನೋಡಿದೆವು. ನೂಲಿಗೆ ಅಲ್ಲಲ್ಲಿ ಕಟ್ಟು ಹಾಕಿ, ಕಟ್ಟಿದ ಕಡೆ ಬಣ್ಣ ಹತ್ತದಂತೆ ಅದ್ದಿ, ಆಮೇಲೆ ನೇಯುವ ಕ್ರಮಕ್ಕೆ ಇಕತ್ ಎಂದು ಹೆಸರು. ಇಕತ್ ಎಂದರೆ ಮಲಯ ಭಾಷೆಯಲ್ಲಿ ಕಟ್ಟು ಎಂದೇ. ಹಾಸಿಗೋ ಹೊಕ್ಕಿಗೋ ಒಂದಕ್ಕೆ ಹೀಗೆ ಮಾಡುವುದು ಎಷ್ಟೋ ಕಡೆ ಇದೆ. ಎರಡಕ್ಕೂ ಮಾಡಿ, ನೇಯುವಾಗ ಎಳೆಯ ಮೇಲಿನ ಬಣ್ಣ ಎಳೆಯ ಮೇಲಿನ ಬಣ್ಣಕ್ಕೆ ಕೂಡಿಬರುವಂತೆ ಮಾಡುವುದು ಭಾರತ, ಜಪಾನು ಮತ್ತು ಇಂಡೊನೇಷ್ಯಾ ದೇಶಗಳಲ್ಲಿ ಮಾತ್ರ. ಇಂಡೊನೇಷ್ಯಾದಲ್ಲಿ ಈ ತೆಂಗನನ್ ಒಂದೇ ಊರು. ಬಟ್ಟೆಯ ಹೆಸರು ಗೆರಿಂಗ್‌ಸಿಂಗ್. ಗೆರಿಂಗ್ ಎಂದರೆ ಕಾಯಿಲೆ, ಸಿಂಗ್ ಎಂದರೆ ಇಲ್ಲ. ಮೈಗೆ ರಕ್ಷೆಯಾಗುವ ಬಟ್ಟೆ. ಅದರ ಕೆಂಪು ಬರುವುದು ನೋನಿ ಎಂದು ಈಗ ನಾವು ಕರೆಯುವ ಗಿಡದ ಬೇರಿನಿಂದ. ಆ ಕೆಂಪು ಮಾಗಲು ವರ್ಷಗಳು ಬೇಕು. ಮಗ್ಗದಿಂದ ಇಳಿದಾಗ ಅದು ಬಳೆಯಂತೆ ಸುತ್ತಾಗಿರುತ್ತದೆ. ನೇಯದೆ ಬಿಟ್ಟ ಎಳೆಗಳನ್ನು ಕತ್ತರಿಸದೆ ಉಳಿಸಿದ ಬಟ್ಟೆಗೆ ಪೂಜಾದಿಗಳಲ್ಲಿ ಹೆಚ್ಚಿನ ಬೆಲೆ. ಆ ಹಳ್ಳಿಯ ಮುದುಕಿಯೊಬ್ಬಳು ನಾನು ದರ ಕೇಳಿದಾಗ ಕಿವಿ ಕೇಳಿಸದವಳಂತೆ ಕುಳಿತಳು. ಎಷ್ಟು ದಿನ ಹಿಡಿಯಿತೆಂದು ಕೇಳಿದಾಗ ಮಾತ್ರ ಎದ್ದು ಒಳಗೆ ಕರೆದಳು.

ಗುಜರಾತಿನ ಪಾಟಣದ ಪಟೋಲಾ ಇದೇ ಜಾತಿಯ ಬಟ್ಟೆ, ರೇಷ್ಮೆಯದು. ಅದು ಗುಜರಾತಿನ ವರ್ತಕರ ಹಡಗುಗಳಲ್ಲಿ ಈ ದ್ವೀಪಗಳಿಗೆ ಹೋಗಿ ಲವಂಗ ಜಾಯಿಕಾಯಿಗಳಿಗೆ ವಿನಿಮಯವಾಗುತ್ತಿತ್ತು. ಡಚ್ಚರ ಕಂಪನಿ ಬಂದ ಮೇಲೆ ದ್ವೀಪದ ದೊರೆಗಳಿಗೆ ಕಾಣಿಕೆಯಾಗಿ ಕೊಡಲು ಅದನ್ನೇ ತರಿಸುತ್ತಿತ್ತು. ಜಾವಾದ ಅರಮನೆಗಳಲ್ಲಿ ಅದರ ಹೆಸರು ಚಿಂದೆ. ಫ್ಲೋರೆಸ್ ಮುಂತಾದ ದ್ವೀಪಗಳಲ್ಲಿ ಅದನ್ನು ಉಡುವುದಕ್ಕಲ್ಲ, ಮನೆತನದ ನಿಧಿಯಾಗಿ ಕಾಪಾಡುವುದಕ್ಕೆ ಇಟ್ಟುಕೊಂಡರು. ಸುಲಾವೆಸಿಯ ತೊರಾಜಾ ಬೆಟ್ಟಗಳಲ್ಲಿ ಗುಜರಾತಿನ ಅಚ್ಚಿನ ಹತ್ತಿಬಟ್ಟೆಗಳು ಪವಿತ್ರ ವಸ್ತುಗಳಾಗಿ ಮನೆಗಳಲ್ಲಿ ಉಳಿದಿದ್ದವು. ವಿಜ್ಞಾನಿಗಳು ಇಂಗಾಲದ ಪರೀಕ್ಷೆ ಮಾಡಿ ನೋಡಿದಾಗ ಕೆಲವು ಹದಿನಾಲ್ಕು ಹದಿನೈದನೆಯ ಶತಮಾನದವು ಎಂದು ಗೊತ್ತಾಯಿತು. ನೆಯ್ದವನ ಊರಿನಲ್ಲಿ ಒಂದು ತುಂಡೂ ಉಳಿಯದೆ, ಸಮುದ್ರದಾಚೆ ಬೆಟ್ಟದ ಮನೆಯಲ್ಲಿ ಆರುನೂರು ವರ್ಷ ಉಳಿದಿತ್ತೆಂದರೆ! ನೆಯ್ದ ಆ ಮನುಷ್ಯನಿಗೆ ಇದು ತಿಳಿದಿದ್ದರೆ ಏನೆನ್ನುತ್ತಿದ್ದನೋ. ಬಹುಶಃ ಬಣ್ಣ ಬಿಟ್ಟಿದೆಯೇ ಎಂದು ಕೇಳುತ್ತಿದ್ದನು.

೧೯೯೭ರ ನಡುವಿನಲ್ಲಿ ಡಾಲರೊಂದಕ್ಕೆ ಸುಮಾರು ೨,೪೦೦ ಇದ್ದ ರೂಪಿಯಾ ೧೯೯೮ರ ಜನವರಿಯಲ್ಲಿ ೧೦,೦೦೦ವನ್ನೂ ದಾಟಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಸೋಲೋ ಹೊತ್ತಿ ಉರಿಯಿತು, ಅಂಗಡಿಗಳು ಸುಟ್ಟವು. ಎರಡು ದಿನ ನಾವು ಬಾಗಿಲು ತೆರೆಯಲಿಲ್ಲ. ಆ ವರ್ಷ ಇಬು ಅವರು ಬಾತಿಕ್ ಬಟ್ಟೆಗಳನ್ನು ಒಂದೊಂ‍ದಾಗಿ ಗಿರವಿ ಅಂಗಡಿಗೆ ಕೊಂಡೊಯ್ದರು. ಜಾವಾದಲ್ಲಿ ಒಳ್ಳೆಯ ಬಟ್ಟೆಯ ಮೇಲೆ ಗಿರವಿ ಅಂಗಡಿಯವರು ಹಣ ಕೊಡುವುದು ಹಳೆಯ ರೂಢಿ. ಆ ಆರು ವಸ್ತ್ರಗಳನ್ನೂ ಲೂರಿಕ್ಕನ್ನೂ ಮಾತ್ರ ಒಯ್ಯಲಿಲ್ಲ. ನಾನು ಹಣ ಕೊಡಹೋದೆ, ತೆಗೆದುಕೊಳ್ಳಲಿಲ್ಲ. ಬಾಡಿಗೆ ಮುಂಗಡವೆಂದು ಹೇಳಿದ ಮೇಲೆ ತೆಗೆದುಕೊಂಡರು.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಅಪ್ರಾಮಾಣಿಕನಾದೇನು. ಬಾತಿಕ್ಕಿಗೆ ನಿಜವಾದ ಪೆಟ್ಟು ಕೊಟ್ಟದ್ದು ಬಿಳಿಯ ಗಿರಣಿ ಬಟ್ಟೆಯಲ್ಲ, ಮೇಣವನ್ನೇ ಮುಟ್ಟದೆ ಬಾತಿಕ್ಕಿನ ಚಿತ್ತಾರವನ್ನು ಮುದ್ರಿಸಿ ಮಾರುವ ಬಟ್ಟೆ. ಅದನ್ನು ಗುರುತಿಸುವುದು ಸುಲಭ. ಹೊರಳಿಸಿ ನೋಡಿರಿ, ಹಿಂಬದಿ ಮಂಕಾಗಿರುತ್ತದೆ. ನನ್ನ ಪರಂಗ್ ಅಂಗಿ ಅಂಥದೇ ಆಗಿತ್ತು. ನಮ್ಮ ಗಿರಣಿಯ ನೂಲು ಯಾವ ಮಗ್ಗಕ್ಕೆ ಹೋಗಿ, ಯಾವ ಮುದ್ರಣಶಾಲೆಗೆ ಸೇರುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಂಬಳ ತೆಗೆದುಕೊಂಡೆ, ಮಗಳನ್ನು ಓದಿಸಿದೆ. ೨೦೦೯ರ ಅಕ್ಟೋಬರ್ ೨ರಂದು ಯುನೆಸ್ಕೋ ಸಂಸ್ಥೆ ಬಾತಿಕ್ಕನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಂದ ಅಕ್ಟೋಬರ್ ೨ ಆ ದೇಶದ ಬಾತಿಕ್ ದಿನ. ಆ ದಿನ ಎಲ್ಲರೂ ಬಾತಿಕ್ ತೊಡುತ್ತಾರೆ. ಮುದ್ರಿಸಿದ್ದನ್ನು ತೊಟ್ಟವರೇ ಹೆಚ್ಚೆಂದು ಬೇರೆ ಹೇಳಬೇಕಾಗಿಲ್ಲ. ನಾನು ಅಂಗಿ ಕೊಂಡ ಕ್ಲೇವೆರ್ ಪೇಟೆ ೨೦೧೪ರ ಡಿಸೆಂಬರಿನಲ್ಲಿ ಸುಟ್ಟುಹೋಗಿ, ೨೦೧೭ರಲ್ಲಿ ಹೊಸದಾಗಿ ಎದ್ದಿತು.

೨೦೦೬ರಲ್ಲಿ ನಾವು ಊರಿಗೆ ಮರಳಿದೆವು. ಹೊರಡುವ ದಿನ ಇಬು ಅವರು ಆ ಲೂರಿಕ್ಕನ್ನು ಮಡಿಸಿ ನನ್ನ ಹೆಂಡತಿಯ ಕೈಗಿತ್ತರು. ಆರು ಬಾತಿಕ್ಕುಗಳಲ್ಲಿ ಒಂದನ್ನಾದರೂ ಕೊಟ್ಟಾರೆಂದು ನಾನು ಒಳಗೊಳಗೆ ನಿರೀಕ್ಷಿಸಿದ್ದೆ, ಸುಳ್ಳೇಕೆ ಹೇಳಲಿ.

೨೦೨೧ರಲ್ಲಿ ಇಳಕಲ್ಲಿನ ಮನೆಯಲ್ಲಿ ಮಗಳ ಕುಬುಸವಾಯಿತು. ಅವ್ವ ಆಗ ಇರಲಿಲ್ಲ. ಅವ್ವನ ತಂಗಿ, ಎಂಬತ್ತು ದಾಟಿದ ನಮ್ಮ ಚಿಗವ್ವ, ಕಣ್ಣು ಮಂಜಾಗಿ ಗೋಡೆಗೊರಗಿ ಕುಳಿತಿದ್ದಳು. ಆಯುಷ್ಯದುದ್ದಕ್ಕೂ ಕಂಡಿಕೆ ಸುತ್ತಿದ ಕೈ ಅವಳದು. ತಂದೆಯವರು ನೆಯ್ದ ಹಸಿರು ಸೀರೆಯನ್ನೇ ಮಗಳಿಗೆ ಉಡಿಸಬೇಕೆಂದು ನಿಶ್ಚಯವಾಗಿತ್ತು. ಉಡಿಸುವ ಮುನ್ನ ನನ್ನ ಹೆಂಡತಿ ಪೆಟ್ಟಿಗೆಯಿಂದ ಲೂರಿಕ್ ತೆಗೆದು ಮೊದಲು ಅದನ್ನು ಸುತ್ತತೊಡಗಿದಳು. ಹಾಡು ಹೇಳುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು.

"ಇದೇನವಾ, ಜಮಖಾನಿ ಹರದು ತಂದೀರೇನು?" ಎಂದು ಯಾರೋ ನಕ್ಕರು.

ಚಿಗವ್ವ ಕೈ ಚಾಚಿದಳು. ನನ್ನ ಹೆಂಡತಿ ಬಟ್ಟೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ಹೆಬ್ಬೆರಳು ತೋರುಬೆರಳ ನಡುವೆ ಅದರ ಅಂಚನ್ನು ಹಿಡಿದು, ಅತ್ತಿಂದಿತ್ತ ಉಜ್ಜಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೆಂದಳು:

"ಕೈಮಗ್ಗದ್ದೈತಿ. ಉಡಸ್ರಿ."